ಹಳೇ ಟ್ರ್ಯಾಕ್ಟರ್: ಬಣ್ಣ ನೋಡಿ ಬೆಲೆ ಕಟ್ಟಬೇಡಿ



ಸಂಘದಿಂದ ಸಾಲ ಎತ್ತಿ ಹಳೇ ಟ್ರ್ಯಾಕ್ಟರ್ ಕೊಂಡು ಬಾಡಿಗೆಗೆ ಬಿಡುವ ಯೋಚನೆ ಒಳ್ಳೆಯದೇ. ಆದರೆ "ಇಂಜಿನ್ ವಿಷಯ ನಮಗೇನು ಗೊತ್ತಾಗುತ್ತೆ, ಗಂಡಸರು ನೋಡಿಕೊಳ್ಳಲಿ" ಎಂದು ಸುಮ್ಮನಾಗಬೇಡಿ. ಎಮ್ಮೆ ಕೊಳ್ಳುವಾಗ ಹಲ್ಲು ನೋಡ್ತೀರಿ, ಹಾಲು ಕರೆದು ನೋಡ್ತೀರಿ. ಟ್ರ್ಯಾಕ್ಟರನ್ನೂ ಹಾಗೆಯೇ ನೋಡಬೇಕು. ಕಂತು ಕಟ್ಟುವವರು ನೀವು ತಾನೆ?

ಮೊದಲು ಕಾಗದಪತ್ರ

ಆರ್.ಸಿ.ಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನ ನಂಬರಿಗೆ ತಾಳೆಯಾಗಬೇಕು. ಆರ್.ಸಿ.ಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ, ಸಾಲ ತೀರಿದ ಪತ್ರ ಮತ್ತು ಬ್ಯಾಂಕಿನ ಸಹಿ ಇರುವ ಫಾರಂ 35 ನೋಡದೆ ಮುಂಗಡವನ್ನೂ ಕೊಡಬೇಡಿ. ಮಾರಿದವರ ಬಾಕಿಗಾಗಿ ಗಾಡಿ ನಿಮ್ಮ ಅಂಗಳದಿಂದ ಜಪ್ತಿಯಾಗಬಹುದು. ನೋಂದಣಿಯ ಅವಧಿ 15 ವರ್ಷ, ಆಮೇಲೆ ನವೀಕರಿಸಬೇಕು. ಟ್ರೇಲರಿಗೆ ಬೇರೆಯೇ ಆರ್.ಸಿ. ಇರುತ್ತೆ, ಅದನ್ನೂ ಕೇಳಿ. ವಿಮೆ ಚಾಲ್ತಿಯಲ್ಲಿದೆಯೇ ನೋಡಿ.

ಆಮೇಲೆ ಇಂಜಿನ್

ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟ್ ಆಗುವ ತೊಂದರೆ ನಿಮಗೆ ಕಾಣುವುದಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ. ನಂತರ ಹೊಗೆ ಗಮನಿಸಿ:

- ನೀಲಿ ಹೊಗೆ: ಆಯಿಲ್ ಸುಡುತ್ತಿದೆ. ಇಂಜಿನ್ ಬಿಚ್ಚುವ ದೊಡ್ಡ ಖರ್ಚು ಬರಬಹುದು.
- ಬಿಡದೆ ಬರುವ ಕಪ್ಪು ಹೊಗೆ: ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಡೀಸೆಲ್ ಪಂಪಿನ ದೋಷ.
- ಬಿಸಿಯಾದ ಮೇಲೂ ಬಿಳಿ ಹೊಗೆ: ಒಳಗೆ ನೀರು ಸೋರುತ್ತಿರಬಹುದು, ಇಲ್ಲವೇ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ಗಂಟೆ ಮೀಟರನ್ನು ಪೂರ್ತಿ ನಂಬಬೇಡಿ, ಅದನ್ನು ಬದಲಾಯಿಸಬಹುದು. ಮೀಟರ್ ಕಡಿಮೆ ತೋರಿಸಿದರೂ ಕ್ಲಚ್, ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿದ್ದರೆ ಗಾಡಿ ಬಹಳ ದುಡಿದಿದೆ ಎಂದೇ ಅರ್ಥ.

ಹೊಲಕ್ಕೆ ಇಳಿಸಿ

ನೇಗಿಲು ಕಟ್ಟಿ ಒಂದೆರಡು ಸಾಲು ಉಳಿಸಿ. ಗೇರ್ ತಾನಾಗಿ ಜಾರಬಾರದು. ನೇಗಿಲನ್ನು ಮೇಲೆತ್ತಿ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ಇಳಿದುಬಿಟ್ಟರೆ ಹೈಡ್ರಾಲಿಕ್ ಸೋರುತ್ತಿದೆ. ಆಗ ಅದರ ಕೆಳಗೆ ಯಾರೂ ಕೈಕಾಲು ಇಡಬೇಡಿ. ಕೆಸರುಗದ್ದೆಯಲ್ಲಿ ದುಡಿದ ಗಾಡಿಯಾದರೆ ಚಕ್ರದ ಬುಡದಲ್ಲಿ ಆಯಿಲ್ ಜಿನುಗುತ್ತಿದೆಯೇ ನೋಡಿ. ಹಿಂದಿನ ಟೈರುಗಳ ಬಿರುಕು, ಸವೆತ ನೋಡಿ, ಅವು ದುಬಾರಿ.

ಬೆಲೆ ಕಟ್ಟುವುದು ಹೇಗೆ?

ಅದೇ ಕಂಪನಿಯ, ಅದೇ ವರ್ಷದ, ಸುಸ್ಥಿತಿಯ ಗಾಡಿಯ ಬೆಲೆ ಮೂರು ಕಡೆ ವಿಚಾರಿಸಿ. ರಿಪೇರಿ ಖರ್ಚನ್ನು ಅದರಿಂದ ಕಳೆಯಿರಿ. ಉದಾಹರಣೆಗೆ, ಅಂಥ ಗಾಡಿಗೆ ರೂ. 3,20,000 ಇದ್ದು, ಟೈರ್ ಮತ್ತು ಕ್ಲಚ್ಚಿಗೆ ರೂ. 60,000 ಬೇಕಾದರೆ, ನಿಮ್ಮ ಮಿತಿ ರೂ. 2,60,000. ಹೊಸ ಗಾಡಿಯ ಬೆಲೆಯನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಂದು ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ದರ ಹಿಡಿದು ಯಾರಾದರೂ ಚೌಕಾಸಿ ಮಾಡಿದರೆ ಒಪ್ಪಬೇಡಿ.

ಕೊನೆಯದಾಗಿ, ಮೂವರು ಸದಸ್ಯೆಯರು ಸೇರಿ ಹೋಗಿ. ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮವರನ್ನೇ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ನೋಡಿದ್ದನ್ನು ಸಭೆಯಲ್ಲಿ ಹೇಳಿ, ಠರಾವು ಬರೆದು, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಫಾರಂ 29 ಮತ್ತು 30ಕ್ಕೆ ಸಹಿ ಪಡೆದು, 30 ದಿನದೊಳಗೆ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಕೀಲಿ ಕೈಗೆ ಬಂದರೆ ಸಾಲದು, ಆರ್.ಸಿ.ಯಲ್ಲಿ ಹೆಸರೂ ಬರಬೇಕು.