ಮೂಳೆ ಒಪ್ಪುವ ಲೇಪ

ಸವೆದ ಸೊಂಟದ ಕೀಲಿಗೆ ಅಥವಾ ಉದುರಿದ ಹಲ್ಲಿನ ಬೇರಿಗೆ ಬದಲಾಗಿ ಕೂರಿಸುವ ಟೈಟಾನಿಯಂ ಭಾಗಗಳು ಗಟ್ಟಿಯಾಗಿದ್ದು ತುಕ್ಕು ಹಿಡಿಯದಿದ್ದರೂ ಮೂಳೆಯೊಡನೆ ಬೆಸೆದುಕೊಳ್ಳಲು ಕಾಲ ತೆಗೆದುಕೊಳ್ಳುತ್ತವೆ. ಈ ಬೆಸುಗೆಯನ್ನು ಚುರುಕುಗೊಳಿಸಲು, ಮೂಳೆಯ ಖನಿಜಾಂಶವನ್ನು ಬಹುಮಟ್ಟಿಗೆ ಹೋಲುವ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಸೆರಾಮಿಕ್ಕನ್ನು ಲೋಹದ ಮೇಲೆ ತೆಳುವಾಗಿ ಲೇಪಿಸುತ್ತಾರೆ. ಕೈಗಾರಿಕೆಯಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಪ್ಲಾಸ್ಮಾ ಸಿಂಪರಣೆ, ಅಂದರೆ ಸಾವಿರಾರು ಡಿಗ್ರಿ ಶಾಖದ ಅನಿಲಧಾರೆಯಲ್ಲಿ ಪುಡಿಯನ್ನು ಕರಗಿಸಿ ಎರಚುವ ವಿಧಾನ. ಆದರೆ ಧಾರೆ ನೇರವಾಗಿ ತಾಕದ ಒಳಮೂಲೆಗಳಿಗೂ ರಂಧ್ರಗಳಿಗೂ ಅದು ತಲುಪುವುದಿಲ್ಲ. ಅತಿಯಾದ ಶಾಖಕ್ಕೆ ಹೈಡ್ರಾಕ್ಸಿಅಪಟೈಟ್‌ನ ಒಂದಂಶ ವಿಭಜನೆಗೊಳ್ಳುವುದೂ ಉಂಟು. ಈ ಎರಡು ಕೊರತೆಗಳನ್ನೂ ನೀಗಿಸಬಲ್ಲ ವಿಧಾನವಾಗಿ ಎಲೆಕ್ಟ್ರೋಫೊರೆಟಿಕ್ ಲೇಪನ ಸಂಶೋಧಕರ ಗಮನ ಸೆಳೆದಿದೆ.

ಇದರ ಮೂಲತತ್ವ ಹಳೆಯದು. 19ನೆಯ ಶತಮಾನದ ಮೊದಲ ದಶಕದಲ್ಲಿ ಮಾಸ್ಕೋದಲ್ಲಿ ಫರ್ಡಿನೆಂಡ್ ರಾಯ್ಸ್ ಎಂಬ ವಿಜ್ಞಾನಿ ಒದ್ದೆ ಜೇಡಿಮಣ್ಣಿನ ಮೂಲಕ ವಿದ್ಯುತ್ ಹರಿಸಿದಾಗ ಮಣ್ಣಿನ ಕಣಗಳು ಧನ ವಿದ್ಯುದ್ವಾರದ ಕಡೆಗೆ ಸರಿದದ್ದನ್ನು ಕಂಡರು. ದ್ರವದಲ್ಲಿ ತೇಲುವ ಕಣ ತನ್ನ ಮೈಮೇಲೆ ಅಯಾನುಗಳನ್ನು ಹಿಡಿದಿಟ್ಟುಕೊಂಡೋ ಬಿಟ್ಟುಕೊಟ್ಟೋ ವಿದ್ಯುದಂಶ ಪಡೆಯುತ್ತದೆ, ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಾಗ ವಿರುದ್ಧ ಧ್ರುವದತ್ತ ಚಲಿಸುತ್ತದೆ ಮತ್ತು ಅಲ್ಲಿರುವ ಮೇಲ್ಮೈಯ ಮೇಲೆ ಪದರವಾಗಿ ಕೂರುತ್ತದೆ. ಚಿನ್ನ, ಬೆಳ್ಳಿಯ ಮುಲಾಮು ಹಾಕುವ ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಲೋಹದ ಅಯಾನುಗಳು ಎಲೆಕ್ಟ್ರಾನ್ ಪಡೆದು ಲೋಹವಾಗಿ ಮಾರ್ಪಡುತ್ತವೆ. ಇಲ್ಲಿ ಮಾತ್ರ ಕಣ ಇಡಿಯಾಗಿ ಸಾಗಿಬರುವುದರಿಂದ ಅದು ವಿದ್ಯುದ್ವಾಹಕವಾಗಿರಬೇಕಾದ ಅಗತ್ಯವಿಲ್ಲ. ಸೆರಾಮಿಕ್, ಗಾಜು, ಪಾಲಿಮರ್, ಕಾರ್ಬನ್ ನ್ಯಾನೊಟ್ಯೂಬ್‌ಗಳೆಲ್ಲ ಈ ವಿಧಾನಕ್ಕೆ ಒಗ್ಗುವುದು ಇದರಿಂದಲೇ.

ಉಪಕರಣ ತೀರ ಸರಳ: ಒಂದು ಪಾತ್ರೆ, ಎರಡು ವಿದ್ಯುದ್ವಾರ, ಒಂದು ಡಿ.ಸಿ. ವಿದ್ಯುತ್ ಮೂಲ. ಕೌಶಲವೆಲ್ಲ ಇರುವುದು ದ್ರವವನ್ನು ಸಿದ್ಧಪಡಿಸುವುದರಲ್ಲಿ ಮತ್ತು ವಿದ್ಯುತ್ ನಿಲ್ಲಿಸಿದ ಮೇಲಿನ ಕೆಲಸದಲ್ಲಿ. ನೀರು ಅಗ್ಗವಾದರೂ 1.23 ವೋಲ್ಟ್ ದಾಟಿದರೆ ಅದು ತಾತ್ತ್ವಿಕವಾಗಿ ಹೈಡ್ರೋಜನ್, ಆಕ್ಸಿಜನ್‌ಗಳಾಗಿ ಒಡೆಯಬಹುದು. ಹತ್ತಾರು ವೋಲ್ಟ್ ಬೇಡುವ ಈ ಕೆಲಸದಲ್ಲಿ ಹಾಗೆ ಹುಟ್ಟುವ ಗುಳ್ಳೆಗಳು ಲೇಪದಲ್ಲಿ ಕುಳಿಗಳನ್ನು ಉಳಿಸುತ್ತವೆ. ಆದ್ದರಿಂದ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಸಾಮಾನ್ಯವಾಗಿ ಎಥನಾಲ್‌ನಂತಹ ಆಲ್ಕೊಹಾಲ್‌ನಲ್ಲಿ ಬೆರೆಸುತ್ತಾರೆ. ಕಣಗಳು ಪರಸ್ಪರ ವಿಕರ್ಷಿಸುವಷ್ಟು ವಿದ್ಯುದಂಶ ಹೊಂದಿರದಿದ್ದರೆ ಮುದ್ದೆಗಟ್ಟಿ ತಳ ಸೇರುತ್ತವೆ. ಈ ವಿಕರ್ಷಣೆಯನ್ನು ಅಂದಾಜಿಸುವ ಅಳತೆಗೆ ಝೀಟಾ ವಿಭವ ಎಂದು ಹೆಸರು.

ಕೂರುವ ಪದಾರ್ಥದ ಪ್ರಮಾಣವು ದ್ರವದಲ್ಲಿನ ಕಣಗಳ ಸಾಂದ್ರತೆ, ಅವುಗಳ ಚಲನಶೀಲತೆ, ವಿದ್ಯುತ್ ಕ್ಷೇತ್ರದ ಬಲ, ಮೇಲ್ಮೈಯ ವಿಸ್ತೀರ್ಣ ಮತ್ತು ಅವಧಿಗಳನ್ನು ಅವಲಂಬಿಸಿದೆ ಎಂಬುದನ್ನು 1940ರಲ್ಲಿ ಹಾಮಾಕರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಆದರೆ ಪದರ ದಪ್ಪವಾದಂತೆ ಅದರ ವಿದ್ಯುತ್ ರೋಧವೂ ಏರುವುದರಿಂದ ವೇಗ ಕುಗ್ಗುತ್ತದೆ. ಇದನ್ನು ದೋಷವೆನ್ನಲಾಗದು, ಲೇಪ ದಪ್ಪಗಾದ ಕಡೆ ವಿದ್ಯುತ್ ಕಡಿಮೆಯಾಗಿ ಇನ್ನೂ ಬರಿದಾಗಿರುವ ಮೂಲೆಗಳತ್ತ ಹರಿಯುವುದರಿಂದ ಲೇಪ ತಾನಾಗಿಯೇ ಸಮವಾಗುತ್ತದೆ. ಕಾರುಗಳ ಲೋಹದ ಕವಚವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ತುಕ್ಕುನಿರೋಧಕ ಮೊದಲ ಪದರ ಹಚ್ಚುವ ವಿಧಾನವೂ ಇದೇ ಗುಣವನ್ನು ನೆಚ್ಚಿಕೊಂಡಿದೆ.

ದ್ರವದಿಂದ ಮೇಲೆತ್ತಿದ ಲೇಪ ಒಣಗುವಾಗ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರಿನಂತೆ, ಕುಗ್ಗಿ ಬಿರುಕು ಬಿಡುತ್ತದೆ. ಅದನ್ನು ತಡೆಯಲು ತೆಳುಪದರಗಳನ್ನು ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದನ್ನೂ ನಿಧಾನವಾಗಿ ಒಣಗಿಸಬೇಕಾಗುತ್ತದೆ. ಬಳಿಕ ಕಣಗಳನ್ನು ಬೆಸೆಯಲು ಕುಲುಮೆಯಲ್ಲಿ ಕಾಯಿಸುವ ಸಿಂಟರಿಂಗ್ ಹಂತದಲ್ಲಿ ಇನ್ನೂ ಕಠಿಣವಾದ ಸಮಸ್ಯೆ ಎದುರಾಗುತ್ತದೆ. ಹೈಡ್ರಾಕ್ಸಿಅಪಟೈಟ್ ಚೆನ್ನಾಗಿ ಬೆಸೆದುಕೊಳ್ಳಲು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಶುದ್ಧ ಟೈಟಾನಿಯಂ 882 ಡಿಗ್ರಿಯ ಸುಮಾರಿಗೇ ತನ್ನ ಸ್ಫಟಿಕ ರಚನೆಯನ್ನು ಬದಲಿಸಿಕೊಳ್ಳುತ್ತದೆ. ಅಲ್ಲದೆ ತಣಿಯುವಾಗ ಸೆರಾಮಿಕ್ ಲೋಹಕ್ಕಿಂತ ಹೆಚ್ಚು ಕುಗ್ಗಿ ಎಳೆತಕ್ಕೆ ಒಳಗಾಗುತ್ತದೆ, ಎಳೆತವನ್ನು ತಾಳಿಕೊಳ್ಳುವುದು ಸೆರಾಮಿಕ್‌ಗೆ ಕಷ್ಟ. ಕಣಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿದರೆ ಕಡಿಮೆ ಶಾಖ ಸಾಕಾಗುತ್ತದೆ.

ಕುಲುಮೆಯನ್ನೇ ಬಿಟ್ಟುಬಿಡುವ ದಾರಿಯೊಂದು ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್‌ನಿಂದ ತೆರೆದಿದೆ. ಸೌಮ್ಯ ಆಮ್ಲದಲ್ಲಿ ಕರಗಿ ಧನ ವಿದ್ಯುದಂಶ ಪಡೆಯುವ ಈ ಪಾಲಿಮರ್ ಋಣ ವಿದ್ಯುದ್ವಾರದ ಬಳಿಯ ಕ್ಷಾರೀಯ ವಾತಾವರಣಕ್ಕೆ ಬಂದೊಡನೆ ವಿದ್ಯುದಂಶ ಕಳೆದುಕೊಂಡು ಹೆಪ್ಪುಗಟ್ಟುತ್ತದೆ, ಜೊತೆಗೆ ತಂದ ಸೆರಾಮಿಕ್ ಕಣಗಳನ್ನೂ ಹಿಡಿದಿಡುತ್ತದೆ. ಇದೆಲ್ಲ ಕೋಣೆಯ ಉಷ್ಣತೆಯಲ್ಲೇ ನಡೆಯುವುದರಿಂದ ಶಾಖಕ್ಕೆ ಹಾಳಾಗುವ ಪ್ರತಿಜೀವಕಗಳನ್ನು ಲೇಪದೊಳಗೇ ಸೇರಿಸಿ ಶಸ್ತ್ರಚಿಕಿತ್ಸೆಯ ನಂತರದ ಸೋಂಕನ್ನು ತಡೆಯುವ ಪ್ರಯತ್ನಗಳು ನಡೆದಿವೆ, ಈ ವಿಧಾನದ ಅತ್ಯಂತ ಭರವಸೆಯ ಮುಖವೂ ಅದೇ. ಆದರೂ ಕಾಯಿಸದ ಲೇಪ ಕಾಯಿಸಿದ್ದರಷ್ಟು ಗಟ್ಟಿಯಾಗಿರದು. ಜೊತೆಗೆ, ಬಳಸಿದಂತೆಲ್ಲ ತೊಟ್ಟಿಯ ಕಣಗಳು ತೀರುತ್ತ ಬಂದು ದ್ರವದ ಗುಣ ಬದಲಾಗುವುದರಿಂದ, ನೂರನೆಯ ಭಾಗಕ್ಕೂ ಮೊದಲನೆಯದರಂಥದೇ ಲೇಪ ಕೊಡುವುದು ಪ್ರಯೋಗಾಲಯದಿಂದ ಕಾರ್ಖಾನೆಗೆ ಸಾಗುವ ಹಾದಿಯಲ್ಲಿ ದೊಡ್ಡ ತೊಡಕಾಗಿ ಉಳಿದಿದೆ.