ಗುಣವಾಯಿತೆಂದು ಕಂಡ ಮೇಲೂ ಕಾಯಬೇಕಾದ ಹೊತ್ತು



ನಮ್ಮ ಸದಸ್ಯರೊಬ್ಬರ ಮನೆಯವರು ಕಳೆದ ಕೊಯ್ಲಿನ ಕಾಲದಲ್ಲಿ ಉಪನಯನದ ಊಟಕ್ಕೆ ಹೋಗಿದ್ದರು. ಗೋಡಂಬಿ ಹಾಕಿದ ಪಾಯಸ ತಿಂದ ಐದು ವರ್ಷದ ಹುಡುಗಿಗೆ ಹತ್ತೇ ನಿಮಿಷದಲ್ಲಿ ಮೈತುಂಬ ದದ್ದು ಎದ್ದವು. ಪಿತ್ತಗಂಧೆಯೆಂದು ಅಜ್ಜಿ ಮುರುಗಲ ರಸ ಹಚ್ಚಿದರು. ಅಷ್ಟರಲ್ಲಿ ತುಟಿ ಊದಿತು, ವಾಂತಿಯಾಯಿತು, ಉಸಿರಾಟದಲ್ಲಿ ಸುಯ್ ಎಂಬ ಸದ್ದು ಕೇಳತೊಡಗಿತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಚುಚ್ಚುಮದ್ದು ಕೊಟ್ಟ ಕಾಲು ಗಂಟೆಯಲ್ಲಿ ಮಗು ಚೇತರಿಸಿಕೊಂಡು ನೀರು ಕೇಳಿತು. ಮನೆಯಂಗಳದಲ್ಲಿ ಕಾಫಿ ಹರಡಿತ್ತು, ಮೋಡವೂ ಕವಿದಿತ್ತು, ಮನೆಯವರು ಹೊರಡುತ್ತೇವೆಂದರು. ವೈದ್ಯರು ಬಿಡಲಿಲ್ಲ. ರಾತ್ರಿ ಗೋಡಂಬಿಯ ಚೂರೂ ಮುಟ್ಟದ ಮಗುವಿಗೆ ಮತ್ತೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲೇ ಇದ್ದುದರಿಂದ ಉಳಿಯಿತು.

ಈ ಎರಡನೆಯ ಸಲದ ವಿಚಾರ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಕೆಲವರ ದೇಹವು ನಿರಪಾಯವಾದ ಆಹಾರದ ಸಸಾರಜನಕವನ್ನು ಶತ್ರುವೆಂದು ಬಗೆದು, ಹಿಸ್ಟಮಿನ್ ಮೊದಲಾದ ವಸ್ತುಗಳನ್ನು ಒಮ್ಮೆಲೇ ಹೊರಬಿಡುತ್ತದೆ. ಆಗ ಶ್ವಾಸನಾಳ ಬಿಗಿಯುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ತೋಟದಲ್ಲಿ ಕಡಜ ಕಚ್ಚಿ ಕೆಲವರು ಕುಸಿದು ಬೀಳುವುದೂ ಇದೇ ಬಗೆಯದು. ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂಬ ಹೆಸರನ್ನು 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ತಿಯೆ ಇಟ್ಟರು. ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾಗ, ಮೊದಲ ಸಲ ತಾಳಿಕೊಂಡ ನಾಯಿ ವಾರಗಳ ನಂತರ ಅತ್ಯಲ್ಪ ಪ್ರಮಾಣಕ್ಕೇ ಸತ್ತುದನ್ನು ಅವರು ಕಂಡರು. ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇದಕ್ಕೆ ಮೊದಲ ಔಷಧ ಅಡ್ರಿನಲಿನ್. ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡುತ್ತಾರೆ. ಮಗುವಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 15 ಕಿಲೋ ಮಗುವಿಗೆ 0.15 ಮಿಲಿಗ್ರಾಂ. ಗುಣ ಕಾಣದಿದ್ದರೆ ಐದು ನಿಮಿಷದ ಮೇಲೆ ಮತ್ತೊಮ್ಮೆ ಕೊಡುವುದುಂಟು. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಕಟ್ಟಿದ ಉಸಿರಿಗೆ ಸಾಲದು. ಮುರುಗಲಿನ ಮಾತು ಬೇಡವೇ ಬೇಡ. ಆದರೆ ಅಡ್ರಿನಲಿನ್ನಿನ ಪ್ರಭಾವ ಅಲ್ಪಕಾಲದ್ದು. ಬಹುಪಾಲು ಮಕ್ಕಳಿಗೆ ಮತ್ತೆ ತೊಂದರೆ ಬರುವುದಿಲ್ಲ; ಬಂದವರಿಗೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಅಪರೂಪಕ್ಕೆ ಮೂರು ದಿನದೊಳಗೆ ಬರುತ್ತದೆ. ಎಷ್ಟು ಹೊತ್ತು ಇರಬೇಕೆಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಮ್ಮ ಮನೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ ಎಂಬುದನ್ನು ನಾವಾಗಿಯೇ ಅವರಿಗೆ ಹೇಳಬೇಕು. ದೂರದವರು ಹೆಚ್ಚು ಹೊತ್ತು ಇರುವುದು ಲೇಸು.

ಆಸ್ಪತ್ರೆಗೆ ಒಯ್ಯುವಾಗ ಮಗುವನ್ನು ನಡೆಸಬಾರದು, ಎತ್ತಿ ನಿಲ್ಲಿಸಲೂಬಾರದು. ಮಲಗಿಸಿ ಕಾಲನ್ನು ತುಸು ಎತ್ತರಿಸಿಡಬೇಕು. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು.

ಮನೆಗೆ ಬಂದ ಮೇಲಿನ ಕಷ್ಟ ಬೇರೆ ತರಹದ್ದು. ಆ ಹುಡುಗಿ ಎರಡು ವಾರ ಗಂಜಿ ಬಿಟ್ಟು ಏನೂ ಮುಟ್ಟಲಿಲ್ಲ. ತಾಯಿಯೂ ಹೆದರಿ ಹಾಲು, ಕಡಲೆ, ತೊಗರಿಬೇಳೆ ಎಲ್ಲವನ್ನೂ ನಿಲ್ಲಿಸಿದ್ದರು. ಇದು ಪ್ರೀತಿಯಿಂದ ಮಾಡಿದ್ದೇ ಆದರೂ ಬೆಳೆಯುವ ಮಗುವಿಗೆ ನಷ್ಟ. ಯಾವುದು ಆಗದೆಂಬುದನ್ನು ಕೆಲವು ವಾರ ಬಿಟ್ಟು ತಜ್ಞರಲ್ಲಿ ಚರ್ಮದ ಪರೀಕ್ಷೆಯಿಂದ ತಿಳಿದುಕೊಂಡು, ಅದನ್ನಷ್ಟೇ ಬಿಡಬೇಕು. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದು ಸಾಮಾನ್ಯ. ಸ್ವಲ್ಪ ಕೊಟ್ಟು ನೋಡೋಣವೆಂದು ಮನೆಯಲ್ಲಿ ಪರೀಕ್ಷೆ ಮಾಡಲೇಬಾರದು. ಹಾಲು, ಮೊಟ್ಟೆಯ ಅಲರ್ಜಿ ಬಹುತೇಕ ಮಕ್ಕಳಿಗೆ ಬೆಳೆದಂತೆ ಬಿಟ್ಟುಹೋಗುತ್ತದೆ. ಗೋಡಂಬಿ, ಕಡಲೆಕಾಯಿಯದು ಬಹುಮಂದಿಗೆ ಉಳಿದೇ ಬಿಡುತ್ತದೆ.

ಗೋಡಂಬಿ ಕಣ್ಣಿಗೆ ಕಾಣುವ ಕಡೆ ಮಾತ್ರ ಇರುವುದಿಲ್ಲ. ಹೋಟೆಲಿನ ಕುರ್ಮದಲ್ಲಿ ಅರೆದು ಹಾಕಿರುತ್ತಾರೆ, ಅಂಗಡಿಯ ಬರ್ಫಿಯಲ್ಲಿ ಬೆರೆತಿರುತ್ತದೆ, ಸಮಾರಂಭದ ಅಡಿಗೆಯಲ್ಲಿ ಒಂದೇ ಸೌಟು ನಾಲ್ಕು ಪಾತ್ರೆಗೆ ಓಡಾಡುತ್ತದೆ. ಬಡಿಸುವವರನ್ನಲ್ಲ, ಅಡಿಗೆಯವರನ್ನು ಕೇಳಬೇಕು. ನೆಂಟರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಶಾಲೆಯ ಉಪಾಧ್ಯಾಯರಿಗೂ ತಿಳಿಸಿರಬೇಕು.

ವೈದ್ಯರು ಬರೆದುಕೊಟ್ಟರೆ ಅಡ್ರಿನಲಿನ್ ಮನೆಯಲ್ಲಿಟ್ಟುಕೊಂಡು, ಕೊಡುವ ಕ್ರಮವನ್ನು ಅವರಿಂದಲೇ ಇಬ್ಬರಾದರೂ ಕಲಿತಿರಬೇಕು. ಬಿಸಿಲಲ್ಲಿ ನಿಂತ ಜೀಪಿನಲ್ಲಿ ಅದನ್ನು ಇಡಬಾರದು. ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಆ ತಾಯಿ ಈಗ ಮಗುವಿನ ತೂಕ, ಔಷಧದ ಪ್ರಮಾಣ ಮತ್ತು 108ರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ್ದಾರೆ. ತೂಕ ಏರಿದಂತೆ ಪ್ರಮಾಣವನ್ನು ವೈದ್ಯರಿಂದ ತಿದ್ದಿಸಿಕೊಳ್ಳಬೇಕು. ಔಷಧದ ಅವಧಿ ಮುಗಿಯುವ ತಾರೀಖನ್ನೂ ಆಗಲೇ ನೋಡಿಕೊಳ್ಳಬೇಕು.