ಕಂಬಿಯ ಕೆಳಗಿನ ಬಿಲ್ಲೆ

ತೊಂಡೇಬಾವಿಯ ಎಸಿಸಿ ಕಾರ್ಖಾನೆಯಲ್ಲಿ ಬೇರೆಡೆ ಸುಟ್ಟು ತಂದ ಕ್ಲಿಂಕರು ಜಿಪ್ಸಂ ಜೊತೆ ಪುಡಿಯಾಗಿ ಸಿಮೆಂಟ್ ಆಗುತ್ತದೆ. ನೀರು ಬಿದ್ದರೆ ಅದು ಗಟ್ಟಿಯಾಗುವುದು ಎಲ್ಲರಿಗೂ ಗೊತ್ತು. ಒಳಗಿನ ಕಂಬಿಗೆ ಅದು ಮಾಡುವ ಉಪಕಾರ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಕಾಂಕ್ರೀಟು ಕಂಬಿಗೆ ನೀರು ತಾಗದಂತೆ ಕಾಯುತ್ತದೆ ಎಂದೇ ನಾನೂ ನಂಬಿದ್ದೆ. ನಿಜಕ್ಕೂ ಅದರ ತುಂಬ ಸಣ್ಣ ರಂಧ್ರಗಳು, ಅವುಗಳಲ್ಲಿ ನೀರು. ಆದರೆ ಆ ನೀರು ಸುಣ್ಣದ ತಿಳಿಯಷ್ಟೇ ತೀಕ್ಷ್ಣ, ಪಿಎಚ್ 12.5ಕ್ಕೂ ಮೇಲೆ. ಎಲೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟುಕೊಂಡವರಿಗೆ ಈ ಗುಣ ಗೊತ್ತು. ಅಂಥ ಕ್ಷಾರದಲ್ಲಿ ಕಬ್ಬಿಣ ತನ್ನ ಮೈಮೇಲೆ ತಾನೇ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಸಾವಿರ ಪೊರೆ ಪೇರಿಸಿದರೂ ಒಂದು ತಲೆಗೂದಲಿನಷ್ಟಾಗದು. ಗೀರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಯಾವ ಪೇಂಟಿಗಿದೆ ಈ ಗುಣ? ಗಟ್ಟಿ ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗದೆ ತೆಪ್ಪಗಿರುವುದನ್ನು 1836ರಲ್ಲಿ ರಸಾಯನವಿಜ್ಞಾನಿ ಶೋನ್‌ಬೈನ್ ಪತ್ರ ಬರೆದು ತಿಳಿಸಿದಾಗ, ಇಂಥದೊಂದು ಪೊರೆ ಇರಬೇಕೆಂದು ಊಹಿಸಿದವನು ವಿಜ್ಞಾನಿ ಫ್ಯಾರಡೆ.

ಇತ್ತ ಮೋಲ್ಡ್ ಹಾಕುವ ಮುನ್ನಾದಿನ ಕಂಬಿ ಕಟ್ಟುವವರನ್ನು ನೋಡಬೇಕು. ಸೆಂಟ್ರಿಂಗ್ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೈಂಡಿಂಗ್ ವೈರಿಗೆ ಕೊಕ್ಕೆ ಸಿಕ್ಕಿಸಿ, ಮಣಿಕಟ್ಟು ತಿರುಗಿಸಿದರೆ ಗಂಟು ಬಿತ್ತು. ಆಮೇಲೆ ಕಂಬಿಯನ್ನು ತುಸು ಎತ್ತಿ ಕೆಳಗೊಂದು ಸಿಮೆಂಟ್ ಬಿಲ್ಲೆ ತಳ್ಳುತ್ತಾರೆ. ಅದೇ ಕವರ್ ಬ್ಲಾಕು. ಅದರಿಂದ ಕಂಬಿಗೆ ಸಿಗುವ ಕಾಂಕ್ರೀಟಿನ ಹೊದಿಕೆ ಛಾವಣಿಗೆ 20 ಮಿಲಿಮೀಟರ್, ಕಂಬಕ್ಕೆ 40. ಬಿಲ್ಲೆಯ ಬದಲು ಜಲ್ಲಿ ಚೂರು ಇಟ್ಟು ಕೈತೊಳೆದುಕೊಳ್ಳುವವರೂ ಉಂಟು. ಕಾಂಕ್ರೀಟ್ ಸುರಿಯುವವರ ಕಾಲು ತಗುಲಿದರೆ ಚೂರು ಜಾರಿತು, ಕಂಬಿ ತಗ್ಗಿತು.

ಜಾರಿದ್ದು ಹತ್ತೇ ಮಿಲಿಮೀಟರ್ ಎನ್ನಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಪಿಎಚ್ 9ರತ್ತ ಇಳಿದಲ್ಲಿ ಪೊರೆ ನಿಲ್ಲದು, ಕಂಬಿಗೆ ತುಕ್ಕು ಹತ್ತುತ್ತದೆ. ಒಳಹೋದಷ್ಟೂ ಆ ಅನಿಲದ ನಡಿಗೆ ನಿಧಾನವಾಗುವುದರಿಂದ, ಹೊದಿಕೆ ಅರ್ಧವಾದರೆ ಕಂಬಿ ಮುಟ್ಟುವ ಕಾಲ ಸುಮಾರು ಕಾಲುಭಾಗಕ್ಕೆ ಕುಸಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದು. ಛಾವಣಿಯ ಅಡಿ ಬಿರಿದು ಚೆಕ್ಕೆ ಉದುರುತ್ತದೆ. ಕಲಸುವ ನೀರು ಉಪ್ಪಾದರಂತೂ ಕ್ಲೋರೈಡು ಪೊರೆಗೇ ತೂತು ಹಾಕುತ್ತದೆ. ಲೀಟರಿಗೆ 500 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕವೇ ಹೇಳುತ್ತದೆ.

ಮೋಲ್ಡ್ ಹಾಕಿದ ಮರುದಿನ ಮೇಸ್ತ್ರಿ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾನೆ. ತೊಂಡೇಬಾವಿ ಸೀಮೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ನೀರು ಕುಡಿದಷ್ಟೂ ಕಾಂಕ್ರೀಟಿನ ರಂಧ್ರ ಕಿರಿದಾಗುತ್ತದೆ, ಗಾಳಿಗೆ ದಾರಿ ಇಕ್ಕಟ್ಟಾಗುತ್ತದೆ. ಹಾರುಬೂದಿಯಂಥದು ಬೆರೆತ ಮಿಶ್ರ ಸಿಮೆಂಟಾದರೆ ಹತ್ತು ದಿನವಾದರೂ ಆ ಪಾತಿ ಒಣಗಬಾರದು.